ಕಬ್ಬಿನ ಗದ್ದೆಗೆ ಇನ್‌ಸ್ಪೆಕ್ಟರ್ ಯಾಕೆ ಬರಲ್ಲ?

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.

ಬಸ್ಸಲ್ಲಿ, ಮೆಟ್ರೋದಲ್ಲಿ, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೋಗೋ ದಾರಿಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆಲ್ಲ ಸ್ವಾಗತ. ಇವತ್ತು ಒಂದು ಕಬ್ಬಿನ ಜಲ್ಲೆಯ ಹಿಂದೆ ಹೋಗೋಣ.

ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇದು ಗೊತ್ತಿರೋ ದೃಶ್ಯ. ಕಬ್ಬು ನುರಿಸುವ ಹಂಗಾಮು ಶುರುವಾಯ್ತು ಅಂದ್ರೆ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು. ಆ ಟ್ರೇಲರ್‌ನಲ್ಲಿರೋ ಜಲ್ಲೆ ಬೆಳಗ್ಗೆ ಗದ್ದೆಯಲ್ಲಿತ್ತು. ಅದನ್ನ ಕಡಿದಿದ್ದು ಬೇರೆ ಜಿಲ್ಲೆಯಿಂದಲೋ, ಮಹಾರಾಷ್ಟ್ರದಿಂದಲೋ ಬಂದ ಒಂದು ಗ್ಯಾಂಗ್. ಗಂಡ ಕಡೀತಾನೆ, ಹೆಂಡತಿ ಹೊರೆ ಕಟ್ತಾಳೆ. ಕೂಲಿ ಟನ್ ಲೆಕ್ಕದಲ್ಲಿ. ಅದರಲ್ಲಿ ಒಂದು ಭಾಗ ಹಂಗಾಮಿಗೆ ಮುಂಚೆಯೇ ಮುಂಗಡವಾಗಿ ಬಂದು ಖರ್ಚೂ ಆಗಿರುತ್ತೆ. ಲೆಕ್ಕ ಇರೋದು ಗ್ಯಾಂಗ್ ಕಟ್ಟಿದ ಮುಕಾದಮನ ಪುಸ್ತಕದಲ್ಲಿ.

ಸಂಜೆ ಹೊತ್ತಿಗೆ ಅದೇ ಜಲ್ಲೆ ಸಕ್ಕರೆ ಕಾರ್ಖಾನೆಯ ಗೇಟ್ ದಾಟುತ್ತೆ. ಅಲ್ಲಿಂದ ಲೋಕವೇ ಬೇರೆ. ಯಂತ್ರಗಳ ಸುತ್ತ ಬೇಲಿ ಇರಬೇಕು, ಬಾಯ್ಲರ್‌ಗೆ ಪ್ರಮಾಣಪತ್ರ ಇರಬೇಕು, ಕೆಲಸಗಾರರ ಹಾಜರಿ ಪುಸ್ತಕ ಇರಬೇಕು. ಇದನ್ನೆಲ್ಲ ನೋಡೋಕೆ ಒಳಗೆ ಬರುವ ಅಧಿಕಾರ ಇರೋ ಸರ್ಕಾರಿ ಮನುಷ್ಯ ಒಬ್ಬರಿದ್ದಾರೆ.

ಗೇಟಿನ ಒಳಗೆ ಇನ್‌ಸ್ಪೆಕ್ಟರ್ ಇದ್ದಾರೆ. ಗೇಟಿನ ಹೊರಗೆ, ಅದೇ ಕಬ್ಬನ್ನ ಕಡಿದವರ ಹತ್ರ ಬಂದು "ಎಷ್ಟು ಟನ್ ಆಯ್ತಮ್ಮಾ? ದುಡ್ಡು ಕೈಗೆ ಬಂತಾ?" ಅಂತ ಕೇಳೋರು ಯಾರು? ಗದ್ದೆಗೆ ಕಾನೂನೇ ಇಲ್ಲ ಅಂತಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲೇ ಕೃಷಿ ಕೆಲಸ ಇತ್ತು. ಕಾನೂನು ಗದ್ದೆವರೆಗೆ ಬಂದಿದೆ, ಮನುಷ್ಯ ಬಂದಿಲ್ಲ. ಯಾಕೆ ಅನ್ನೋದೇ ಇವತ್ತಿನ ವಿಷಯ.

ಈ ಇನ್‌ಸ್ಪೆಕ್ಟರ್ ಅನ್ನೋರು ಯಾರು?

ಸರ್ಕಾರಿ ಭಾಷೆಯಲ್ಲಿ ಇವರು ಕಾರ್ಮಿಕ ನಿರೀಕ್ಷಕರು. ಈ ಕೆಲಸದ ಕಥೆ ಶುರುವಾಗೋದು ಬ್ರಿಟನ್ನಿನ ಬಟ್ಟೆ ಗಿರಣಿಗಳಲ್ಲಿ. ಗಿರಣಿ ಮಕ್ಕಳನ್ನ ಕಾಪಾಡೋಕೆ ಅಲ್ಲಿ 1802ರಲ್ಲೇ ಒಂದು ಕಾನೂನು ಬಂತು. ನೋಡಿಕೊಳ್ಳೋ ಜವಾಬ್ದಾರಿ ಕೊಟ್ಟಿದ್ದು ಯಾರಿಗೆ? ಸ್ಥಳೀಯ ಮ್ಯಾಜಿಸ್ಟ್ರೇಟ್‌ಗೆ, ಊರಿನ ಪಾದ್ರಿಗೆ. ಅಂದ್ರೆ ಗಿರಣಿ ಮಾಲೀಕರ ಜೊತೆ ಅದೇ ಊರಲ್ಲಿ ಕೂತು ಏಳೋ ಜನಕ್ಕೆ. ಕಾನೂನು ಪುಸ್ತಕದಲ್ಲೇ ಉಳೀತು.

1833ರಲ್ಲಿ ಅದಕ್ಕೆ ಮದ್ದು ಹುಡುಕಿದ್ರು. ಸರ್ಕಾರವೇ ಸಂಬಳ ಕೊಟ್ಟು ಹೊರಗಿನಿಂದ ಇನ್‌ಸ್ಪೆಕ್ಟರ್‌ಗಳನ್ನ ಕಳಿಸಿತು. ಸುಮಾರು 3,000 ಗಿರಣಿಗಳಿಗೆ ಎಷ್ಟು ಜನ ಗೊತ್ತಾ? ನಾಲ್ಕೇ ನಾಲ್ಕು. ಜನ ಸಾಲಲ್ಲ ಅನ್ನೋ ದೂರು ಈ ಹುದ್ದೆಯ ಜೊತೆಗೇ ಹುಟ್ಟಿದ್ದು ಅಂತಾಯ್ತು.

ಮುಂದೆ 1947ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದ್ರೆ ಐಎಲ್‌ಒ, ಇದಕ್ಕೊಂದು ಒಪ್ಪಂದ ಮಾಡಿತು. ಅದರ ಸಂಖ್ಯೆ 81. ಭಾರತ 1949ರಲ್ಲೇ ಅದನ್ನ ಒಪ್ಪಿಕೊಂಡಿದೆ. ಅದರ ಸಾರ ನಾಲ್ಕು ಮಾತಲ್ಲಿ ಹೇಳ್ತೀನಿ. ಒಂದು, ಇನ್‌ಸ್ಪೆಕ್ಟರ್‌ಗೆ ಕಾಯಂ ಸರ್ಕಾರಿ ಕೆಲಸ ಇರಬೇಕು, ಸರ್ಕಾರ ಬದಲಾದ ಮಾತ್ರಕ್ಕೆ ಅದು ಅಲುಗಾಡಬಾರದು. ಎರಡು, ಹಗಲಾಗಲಿ ರಾತ್ರಿಯಾಗಲಿ, ಮುಂಚೆ ಹೇಳದೆ ಒಳಗೆ ಹೋಗೋ ಅಧಿಕಾರ ಇರಬೇಕು. ಮೂರು, ಬೇರೆ ಕೆಲಸ ಹೊರಿಸಿ ತಪಾಸಣೆಗೆ ತೊಂದರೆ ಮಾಡಬಾರದು. ನಾಲ್ಕು, ದೂರು ಕೊಟ್ಟವರು ಯಾರು ಅನ್ನೋದನ್ನ ಗುಟ್ಟಾಗಿಡಬೇಕು. "ದೂರು ಬಂದಿದ್ದಕ್ಕೇ ಬಂದೆ" ಅಂತ ಕೂಡ ಮಾಲೀಕರಿಗೆ ಹೇಳಬಾರದು. ಈ ನಾಲ್ಕನೇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಆದರೆ ಈ ಒಪ್ಪಂದ ಮುಖ್ಯವಾಗಿ ಕೈಗಾರಿಕೆ ಮತ್ತು ವ್ಯಾಪಾರಕ್ಕೆ. ಕೃಷಿಗೆ ಅಂತಲೇ 1969ರಲ್ಲಿ ಇನ್ನೊಂದು ಬಂತು, ಸಂಖ್ಯೆ 129. ಹೊಲಕ್ಕೆ, ತೋಟಕ್ಕೆ ಇನ್‌ಸ್ಪೆಕ್ಟರ್ ಹೋಗಬಹುದು, ಆದರೆ ರೈತನ ಮನೆಯೊಳಗೆ ಅವನ ಒಪ್ಪಿಗೆ ಅಥವಾ ವಿಶೇಷ ಅನುಮತಿ ಇಲ್ಲದೆ ಕಾಲಿಡಬಾರದು, ಅಂತ ಅದರಲ್ಲಿದೆ. ಹೊಲವೂ ಮನೆಯೂ ಒಂದೇ ಕಡೆ ಇರೋ ಬದುಕನ್ನ ಯೋಚಿಸಿಯೇ ಬರೆದಿದ್ದು. ಇದನ್ನ ಭಾರತ ಒಪ್ಪಿಕೊಂಡಿಲ್ಲ.

ನಮ್ಮಲ್ಲಿ ಹೇಗೆ ನಡೆಯುತ್ತೆ?

ರೈಲ್ವೆ, ಗಣಿ, ಬ್ಯಾಂಕ್, ದೊಡ್ಡ ಬಂದರು ಇಂಥವು ಕೇಂದ್ರದ ಕೈಲಿವೆ. ಉಳಿದಿದ್ದರಲ್ಲಿ ಬಹುಪಾಲು ರಾಜ್ಯದ್ದು. ಕರ್ನಾಟಕದಲ್ಲಿ ಇದಕ್ಕೆ ಎರಡು ಇಲಾಖೆ. ಒಂದು, ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆ. ಅಲ್ಲಿ ಇಂಜಿನಿಯರಿಂಗ್ ಓದಿದವರು ಯಂತ್ರ, ಬೆಂಕಿ, ರಾಸಾಯನಿಕ, ಸುರಕ್ಷತೆ ನೋಡ್ತಾರೆ. ಇನ್ನೊಂದು, ಕಾರ್ಮಿಕ ಇಲಾಖೆ. ಇಲ್ಲಿ ಕಾರ್ಮಿಕ ನಿರೀಕ್ಷಕ, ಹಿರಿಯ ನಿರೀಕ್ಷಕ, ಕಾರ್ಮಿಕ ಅಧಿಕಾರಿ, ಮೇಲೆ ಆಯುಕ್ತರು. ಕೂಲಿ, ಕೆಲಸದ ಗಂಟೆ, ಬಾಲಕಾರ್ಮಿಕರು, ಅಂಗಡಿ, ಹೋಟೆಲ್ ಎಲ್ಲ ಇವರಿಗೆ ಬರುತ್ತೆ. ಹೊಲದ ಕನಿಷ್ಠ ಕೂಲಿಯೂ ಇವರದ್ದೇ ಪಾಲಿಗೆ.

ಕಾರ್ಖಾನೆ ಅಂದ್ರೆ ಏನು ಅನ್ನೋದಕ್ಕೂ ಲೆಕ್ಕ ಇದೆ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ. ಹೊಸ ಸುರಕ್ಷತಾ ಸಂಹಿತೆ ಇದನ್ನ 20 ಮತ್ತು 40 ಮಾಡಿದೆ. ಇಲಾಖೆ ಕಣ್ಣಿಗೆ ಬೀಳಬೇಕಾದ್ರೆ ಒಂದು ಜಾಗ ಬೇಕು, ಗೋಡೆ ಬೇಕು, ನೋಂದಣಿ ಬೇಕು, ಹಾಜರಿ ಪುಸ್ತಕ ಬೇಕು. ಗದ್ದೆಗೆ ಇದ್ಯಾವುದೂ ಇಲ್ಲ. ಗ್ಯಾಂಗ್ ಇವತ್ತು ಒಂದು ಊರಲ್ಲಿದ್ರೆ ಮುಂದಿನ ವಾರ ಇನ್ನೊಂದು ಊರಲ್ಲಿ. ಮಾಲೀಕ ಯಾರು ಅನ್ನೋದೂ ಗೊಂದಲ. ಹೊಲ ರೈತನದ್ದು, ಕಬ್ಬು ಕಾರ್ಖಾನೆಗೆ, ಮುಂಗಡ ಮುಕಾದಮನ ಕೈಯಿಂದ.

ಹಾಗಂತ ಕೃಷಿಯಲ್ಲಿ ತಪಾಸಣೆ ಸಾಧ್ಯವೇ ಇಲ್ಲ ಅಂತೀರಾ? ಕೊಡಗು, ಚಿಕ್ಕಮಗಳೂರಿಗೆ ಬನ್ನಿ. 1951ರ ತೋಟ ಕಾರ್ಮಿಕರ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೆ ಇನ್‌ಸ್ಪೆಕ್ಟರ್‌ಗಳನ್ನ ಕೊಡ್ತು. ಕುಡಿಯೋ ನೀರು, ಶೌಚಾಲಯ, ಲೈನ್‌ಮನೆ, ಮಕ್ಕಳಿಗೆ ಶಿಶುವಿಹಾರ, ಚಿಕಿತ್ಸೆ, ಎಲ್ಲ ಅದರಲ್ಲಿತ್ತು. ಯಾಕೆ ಸಾಧ್ಯ ಆಯ್ತು? ಎಸ್ಟೇಟಿಗೆ ಗಡಿ ಇದೆ, ಆಫೀಸಿದೆ, ಹಾಜರಿ ಪುಸ್ತಕ ಇದೆ. ಒಂದು ಥರ ಅದು ಗೇಟ್ ಇರೋ ಹೊಲ. ಆದರೆ 5 ಹೆಕ್ಟೇರ್ ಜಾಗ, 15 ಕೆಲಸಗಾರರು ಅನ್ನೋ ಮಿತಿ ಇತ್ತು. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುತೇಕರು ಸಣ್ಣ ಹಿಡುವಳಿಯವರು. ಅಲ್ಲಿ ಹಣ್ಣು ಕೊಯ್ಯೋಕೆ ದೂರದ ರಾಜ್ಯದಿಂದ ಬಂದವರು ಮತ್ತೆ ಗೇಟಿನ ಹೊರಗೇ.

ಒಂದು ಸಣ್ಣ ಲೆಕ್ಕ

ಒಬ್ಬ ಇನ್‌ಸ್ಪೆಕ್ಟರ್‌ಗೆ ಎಷ್ಟು ಕಾರ್ಮಿಕರು ಇರಬಹುದು? ಐಎಲ್‌ಒ ಒಂದು ಅಂದಾಜು ಅಳತೆ ಹೇಳುತ್ತೆ. ಮುಂದುವರಿದ ದೇಶಗಳಲ್ಲಿ 10,000ಕ್ಕೆ ಒಬ್ಬರು, ಕೈಗಾರಿಕೆ ಬೆಳೀತಿರೋ ದೇಶಗಳಲ್ಲಿ 15,000ಕ್ಕೆ ಒಬ್ಬರು, ತೀರಾ ಹಿಂದುಳಿದ ದೇಶಗಳಲ್ಲಿ 40,000ಕ್ಕೆ ಒಬ್ಬರು.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕೃಷಿ ಕೂಲಿಕಾರರು 71 ಲಕ್ಷಕ್ಕೂ ಹೆಚ್ಚು. ಅತ್ಯಂತ ಸಡಿಲವಾದ 40,000ದ ಅಳತೆ ಹಿಡಿದರೂ, ಬರೀ ಕೃಷಿ ಕೂಲಿಗೆ ಅಂತಲೇ ಸುಮಾರು 180 ಇನ್‌ಸ್ಪೆಕ್ಟರ್ ಬೇಕು. 15,000ದ ಅಳತೆ ಹಿಡಿದ್ರೆ 475 ದಾಟುತ್ತೆ.

ಅಷ್ಟು ಕೊಟ್ಟರೂ ಏನಾಗುತ್ತೆ ನೋಡಿ. ಒಬ್ಬರಿಗೆ 40,000 ಜನ, ವರ್ಷಕ್ಕೆ 250 ಕೆಲಸದ ದಿನ. ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆ ನೋಡಬೇಕಾದ್ರೆ ದಿನಕ್ಕೆ 160 ಜನ. ಕಾರ್ಖಾನೆಯಲ್ಲಾದ್ರೆ ಒಂದೇ ಸೂರಿನ ಕೆಳಗೆ 160 ಜನ ಸಿಗ್ತಾರೆ. ಹೊಲದಲ್ಲಿ ಅಷ್ಟು ಜನ ಸಿಗಬೇಕಾದ್ರೆ ಎಷ್ಟು ಊರು ತಿರುಗಬೇಕು? ಬಂಡಿ ದಾರಿಯಲ್ಲಿ ಹೋಗೋಕೆ ಜೀಪ್ ಬೇಡವಾ?

ಇದರ ಮೇಲೆ ಕಾಗದದ ಕೆಲಸ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ನಿಮ್ಮ ಮನೆಯಲ್ಲೂ ಇರಬಹುದು. ಆ ಅರ್ಜಿ ಪರಿಶೀಲನೆ, ಮಕ್ಕಳ ವಿದ್ಯಾರ್ಥಿವೇತನ, ಮದುವೆ ಸಹಾಯಧನದ ಅರ್ಜಿಗಳು, ನಕಲಿ ಕಾರ್ಡ್ ಪತ್ತೆ, ಎಲ್ಲ ಬಂದು ಬೀಳೋದು ಇದೇ ನಿರೀಕ್ಷಕರ ಮೇಜಿಗೆ. ಒಳ್ಳೆ ಕೆಲಸವೇ, ಅನುಮಾನ ಇಲ್ಲ. ಆದರೆ ಮೇಜಿನ ಮುಂದೆ ಕಳೆದ ದಿನ ಹೊಲದಲ್ಲಿ ಕಳೆದ ದಿನ ಆಗಲ್ಲ. ಬೇರೆ ಕೆಲಸ ಹೊರಿಸಬೇಡಿ ಅಂತ ಒಪ್ಪಂದ ಹೇಳಿದ್ದು ಇದಕ್ಕೇ.

ಇನ್‌ಸ್ಪೆಕ್ಟರ್ ರಾಜ್ ಮತ್ತು ಕಂಪ್ಯೂಟರ್

"ಸಾರ್, ಇನ್‌ಸ್ಪೆಕ್ಟರ್ ಜಾಸ್ತಿಯಾದ್ರೆ ಲಂಚ ಜಾಸ್ತಿ ಆಗುತ್ತೆ ಅಷ್ಟೇ." ಇದನ್ನ ಯಾವ ಸಣ್ಣ ಉದ್ಯಮಿಯನ್ನ ಕೇಳಿದ್ರೂ ಹೇಳ್ತಾರೆ. ಹತ್ತಾರು ಕಾನೂನು, ಹತ್ತಾರು ರಿಜಿಸ್ಟರ್, ಹಬ್ಬ ಬಂದ್ರೆ ಬಾಗಿಲಿಗೆ ಬಂದು ನಿಲ್ಲೋ ಸಾಹೇಬರು. ಈ ಸಿಟ್ಟಿಗೆ ಕಾರಣ ಇದೆ.

ಇದಕ್ಕೆ ಉತ್ತರವಾಗಿ 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶ್ರಮ ಸುವಿಧಾ ಪೋರ್ಟಲ್ ತಂತು. ಯಾವ ಸಂಸ್ಥೆಗೆ ಹೋಗಬೇಕು ಅನ್ನೋದನ್ನ ಇನ್‌ಸ್ಪೆಕ್ಟರ್ ತೀರ್ಮಾನಿಸಲ್ಲ, ಕಂಪ್ಯೂಟರ್ ಆರಿಸುತ್ತೆ. ಆಮೇಲೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಯಾದವು. ಅವುಗಳಲ್ಲಿ ಇನ್‌ಸ್ಪೆಕ್ಟರ್ ಅನ್ನೋ ಹೆಸರೇ ಬದಲಾಗಿ 'ನಿರೀಕ್ಷಕ ಹಾಗೂ ಸುಗಮಕಾರ' ಅಂತಾಯ್ತು. ಅಂದ್ರೆ ತಪ್ಪು ಹುಡುಕೋದಷ್ಟೇ ಅಲ್ಲ, ಸಲಹೆಯನ್ನೂ ಕೊಡಬೇಕು. ಕೂಲಿ ವಿಷಯದ ತಪ್ಪಾದ್ರೆ ಕೇಸ್ ಹಾಕೋಕೆ ಮುಂಚೆ ಸರಿಪಡಿಸಿಕೊಳ್ಳೋಕೆ ಒಂದು ಅವಕಾಶ ಕೊಡಬೇಕು. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದ್ರೆ ಆ ಅವಕಾಶ ಇಲ್ಲ.

ಸಲಹೆ ಕೊಡೋದು ತಪ್ಪಲ್ಲ. 81ನೇ ಒಪ್ಪಂದವೂ ಅದನ್ನೇ ಹೇಳುತ್ತೆ. ಲಂಚದ ದಾರಿ ಕಡಿಮೆಯಾದ್ರೆ ಎಲ್ಲರಿಗೂ ಒಳ್ಳೇದೇ. ಆದರೆ ಕಂಪ್ಯೂಟರ್ ಆರಿಸೋದು ಯಾರನ್ನ? ತನ್ನ ಪಟ್ಟಿಯಲ್ಲಿ ಇರೋರನ್ನ. ನೋಂದಣಿಯೇ ಇಲ್ಲದ ಕಬ್ಬಿನ ಗ್ಯಾಂಗ್ ಯಾವ ಲಾಟರಿಯಲ್ಲಿ ಬರುತ್ತೆ? ಪೋರ್ಟಲ್‌ನಲ್ಲಿ ಗದ್ದೆಗೆ ಲಾಗಿನ್ ಇಲ್ಲ.

ದೂರು ಕೊಟ್ಟಿದ್ದು ಯಾರು?

ಈಗ ಆ ನಾಲ್ಕನೇ ಮಾತಿಗೆ ಬರೋಣ, ಗುಟ್ಟಿನ ಮಾತಿಗೆ.

ಒಂದು ಊರು. ಎಂಟು ಜನ ಕೂಲಿಯವರು ಒಬ್ಬರ ಹೊಲದಲ್ಲಿ ಕೆಲಸ ಮಾಡ್ತಾರೆ. ವರ್ಷಗಟ್ಟಲೆ ಯಾವ ಅಧಿಕಾರಿಯೂ ಬಂದಿಲ್ಲ. ಒಂದು ದಿನ ಜೀಪ್ ಬಂತು. ಊರಲ್ಲಿ ಮೊದಲು ಏಳೋ ಪ್ರಶ್ನೆ ಏನು? "ಕಂಪ್ಲೇಂಟ್ ಕೊಟ್ಟೋನು ಯಾವನು?" ಎಂಟು ಜನರಲ್ಲಿ ಒಬ್ಬರನ್ನ ಊಹಿಸೋದು ಕಷ್ಟವಾ? ಅಧಿಕಾರಿ ಬಾಯಿ ಬಿಡದಿದ್ರೂ ಗುಟ್ಟು ಉಳಿಯಲ್ಲ. ಮಾರನೇ ದಿನದಿಂದ ಆ ಮನೆಗೆ ಕೆಲಸ ಇಲ್ಲ, ಸಾಲ ಇಲ್ಲ.

ಅದೇ, ಅಧಿಕಾರಿ ವರ್ಷಕ್ಕೆರಡು ಸಲ ಎಲ್ಲರ ಹೊಲಕ್ಕೂ ಸುಮ್ಮನೆ ಬರೋ ರೂಢಿ ಇದ್ದಿದ್ರೆ? ದೂರು ಬಂದಾಗ ಬಂದ ಭೇಟಿಯೂ ಅದರಲ್ಲೇ ಬೆರೆತುಹೋಗ್ತಿತ್ತು. ದೂರು ಕೊಟ್ಟವರನ್ನ ಮುಚ್ಚಿಡೋದು ಆ ಮಾಮೂಲಿ ಭೇಟಿಗಳೇ. ಮಾಮೂಲಿ ಭೇಟಿ ನಿಲ್ಲಿಸಿ "ತೊಂದರೆ ಆದ್ರೆ ಆ್ಯಪಲ್ಲಿ ದೂರು ಕೊಡಿ" ಅಂದ್ರೆ, ಕಾನೂನನ್ನ ಜಾರಿ ಮಾಡೋ ಅಪಾಯವನ್ನೆಲ್ಲ ಅತ್ಯಂತ ಬಡವರ ಹೆಗಲಿಗೆ ಹಾಕಿದ ಹಾಗೆ. ಮುಂಚೆ ಹೇಳದೆ ಬರೋ ಅಧಿಕಾರ, ಸಾಕಷ್ಟು ಸಿಬ್ಬಂದಿ, ಇವೆಲ್ಲ ಇಲಾಖೆಯ ಒಳಗಿನ ವಿಷಯ ಅನ್ನಿಸಬಹುದು. ಆದರೆ ಕೂಲಿಯವರು ಬಾಯಿ ಬಿಡೋದಕ್ಕೂ ಬಿಡದೆ ಇರೋದಕ್ಕೂ ಅದೇ ಕಾರಣ.

ಬ್ರೆಜಿಲ್ ಏನು ಮಾಡ್ತು?

ಕಾಫಿ, ಕಬ್ಬು, ದೊಡ್ಡ ಜಮೀನ್ದಾರರು, ವಲಸೆ ಕೂಲಿಯವರು. ಬ್ರೆಜಿಲ್‌ನ ಹಳ್ಳಿಗಾಡಿನ ಕಥೆ ನಮಗೆ ಅಷ್ಟೇನೂ ಹೊಸದಲ್ಲ. ದೂರದ ಎಸ್ಟೇಟಿಗೆ ಕರ್ಕೊಂಡು ಹೋಗಿ, ಬೂಟು, ಮಚ್ಚು, ಊಟ ಎಲ್ಲಕ್ಕೂ ಲೆಕ್ಕ ಬರೆದು, ಸಾಲ ತೀರದೆ ಹೊರಗೆ ಬಿಡದೇ ಇರೋ ಪದ್ಧತಿ ಅಲ್ಲೂ ಇತ್ತು. ಸ್ಥಳೀಯ ಅಧಿಕಾರಿಗಳು ಏನೂ ಮಾಡೋಕಾಗ್ತಿರಲಿಲ್ಲ, ಯಾಕಂದ್ರೆ ಅವರು ಸ್ಥಳೀಯರು. 1802ರ ಬ್ರಿಟನ್ನಿನ ಪಾದ್ರಿಯ ಕಥೆಯೇ.

1995ರಲ್ಲಿ ಬ್ರೆಜಿಲ್ ಸರ್ಕಾರ ಒಂದು ಸಂಚಾರಿ ತಂಡ ಮಾಡ್ತು. ಕಾರ್ಮಿಕ ಇನ್‌ಸ್ಪೆಕ್ಟರ್‌ಗಳು, ಕಾರ್ಮಿಕ ವಿಷಯದ ಸರ್ಕಾರಿ ವಕೀಲರು, ಫೆಡರಲ್ ಪೊಲೀಸರು ಒಟ್ಟಿಗೆ. ತಂಡ ನಡೆಯೋದು ರಾಜಧಾನಿಯಿಂದ, ಸದಸ್ಯರು ಬೇರೆ ಬೇರೆ ರಾಜ್ಯದವರು. ಎಲ್ಲಿಗೆ ಹೋಗ್ತೀವಿ ಅನ್ನೋದು ಗುಟ್ಟು. ಎಸ್ಟೇಟಿಗೆ ನುಗ್ಗಿ, ಕೆಲಸಗಾರರ ಜೊತೆ ಮಾತಾಡಿ, ಬಾಕಿ ಕೂಲಿ ಲೆಕ್ಕ ಹಾಕಿ ಮಾಲೀಕರಿಂದ ಕೊಡಿಸ್ತಾರೆ. ಬಿಡುಗಡೆಯಾದವರಿಗೆ ಮೂರು ತಿಂಗಳು ಸರ್ಕಾರವೇ ನಿರುದ್ಯೋಗ ಭತ್ಯೆ ಕೊಡುತ್ತೆ, ಮತ್ತೆ ಅದೇ ಮುಂಗಡದ ಬಲೆಗೆ ಬೀಳಬಾರದು ಅಂತ. ಈವರೆಗೆ 60 ಸಾವಿರಕ್ಕೂ ಹೆಚ್ಚು ಜನರನ್ನ ಹೀಗೆ ಹೊರಗೆ ತಂದಿದ್ದಾರೆ. ತಪ್ಪು ಮಾಡಿದ ಮಾಲೀಕರ ಹೆಸರು ಸರ್ಕಾರದ 'ಕೊಳಕು ಪಟ್ಟಿ'ಗೆ ಸೇರುತ್ತೆ. ಪಟ್ಟಿಯಲ್ಲಿದ್ದವರಿಗೆ ಬ್ಯಾಂಕ್ ಸಾಲ ಕಷ್ಟ. ಜೈಲಿಗಿಂತ ಅದಕ್ಕೇ ಹೆಚ್ಚು ಹೆದರ್ತಾರೆ ಅಂದ್ರೂ ತಪ್ಪಿಲ್ಲ.

ಇದಕ್ಕೆ ಬೆಲೆಯೂ ತೆತ್ತರು. 2004ರ ಜನವರಿ 28ರಂದು ಉನಾಯಿ ಅನ್ನೋ ಊರಿನ ಹತ್ರ ಹುರುಳಿಕಾಯಿ ಬೀಜ ಬೆಳೆಯೋ ಹೊಲಗಳ ತಪಾಸಣೆಗೆ ಹೊರಟಿದ್ದ ಮೂವರು ಇನ್‌ಸ್ಪೆಕ್ಟರ್‌ಗಳನ್ನ, ಅವರ ಡ್ರೈವರನ್ನ ರಸ್ತೆಯಲ್ಲೇ ಗುಂಡಿಟ್ಟು ಕೊಂದರು. ಕೊಲ್ಲಿಸಿದ ಆರೋಪ ಹೊತ್ತಿದ್ದ ಜಮೀನ್ದಾರರಲ್ಲಿ ಒಬ್ಬ ಅದೇ ವರ್ಷ ಆ ಊರಿನ ಮೇಯರ್ ಆಗಿ ಗೆದ್ದ. ಮುಂದೆ ಶಿಕ್ಷೆಯೂ ಆಯ್ತು, ಆದರೆ ವರ್ಷಗಟ್ಟಲೆ ತಡವಾಗಿ. ಹೊರಗಿನಿಂದ ಬರೋ ತಂಡ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಜನವರಿ 28 ಅಲ್ಲಿ ಈಗ ಗುಲಾಮಿ ದುಡಿಮೆ ವಿರುದ್ಧದ ರಾಷ್ಟ್ರೀಯ ದಿನ.

ಅಲ್ಲೂ ಸಿಬ್ಬಂದಿ ಸಮಸ್ಯೆ ಇದೆ. 2013ರ ನಂತರ ಹತ್ತು ವರ್ಷ ಹೊಸ ನೇಮಕಾತಿ ಪರೀಕ್ಷೆಯೇ ಇರಲಿಲ್ಲ. ನಿವೃತ್ತರಾಗ್ತಾ ಆಗ್ತಾ ಸುಮಾರು 3,600 ಹುದ್ದೆಗಳಲ್ಲಿ ಕೆಲಸದಲ್ಲಿ ಉಳಿದವರು 2,000ಕ್ಕಿಂತ ಕಡಿಮೆ. ಕೊನೆಗೆ 2024ರಲ್ಲಿ 900 ಹುದ್ದೆಗಳಿಗೆ ಪರೀಕ್ಷೆ ನಡೀತು. ಅಂದ್ರೆ ಎಷ್ಟೇ ಹೆಸರಾದ ತಂಡವಾದ್ರೂ, ಖಾಲಿ ಹುದ್ದೆ ತುಂಬದಿದ್ರೆ ಒಳಗಿಂದ ಸವೀತಾ ಹೋಗುತ್ತೆ.

ನಮ್ಮ ಕೈಲಿ ಏನಿದೆ?

ನಮ್ಮಲ್ಲೂ ಕಾನೂನಿನ ಸಾಮಗ್ರಿ ಇದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಹೊಲಕ್ಕೆ ಹೋಗಿ ಜನರನ್ನ ಬಿಡಿಸಬಹುದು. ಮುಂಗಡದ ಹೆಸರಲ್ಲಿ ಕಟ್ಟಿ ಹಾಕಿದ್ರೆ ಆ ಸಾಲವೇ ರದ್ದು. ಬಿಡುಗಡೆ ಪತ್ರ ಸಿಕ್ಕಿದ್ರೆ ಪುನರ್ವಸತಿ ನೆರವೂ ಇದೆ. ಆದರೆ ಇದು ಬೆಂಕಿ ಬಿದ್ದ ಮೇಲೆ ಬರೋ ಅಗ್ನಿಶಾಮಕ. ಬೀಳದ ಹಾಗೆ ನೋಡೋಕೆ ಮಾಮೂಲಿ ಭೇಟಿ ಬೇಕು.

ಹೊಸ ವೇತನ ಸಂಹಿತೆಯಲ್ಲಿ ಒಂದು ಸಣ್ಣ ನಿಯಮ ಇದೆ, ಹೆಚ್ಚು ಜನ ಗಮನಿಸಿಲ್ಲ. ಕೃಷಿಗೆ ಐದು ಜನಕ್ಕಿಂತ ಹೆಚ್ಚು ಇಟ್ಕೊಂಡಿಲ್ಲದ ಮಾಲೀಕ ರಿಜಿಸ್ಟರ್ ಇಡಬೇಕಿಲ್ಲ. ಸಣ್ಣ ರೈತನಿಗೆ ಇದು ನ್ಯಾಯವೇ, ಎಷ್ಟೋ ಸಲ ಅವನೂ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗೋನೇ. ಆದರೆ ನಿರೀಕ್ಷಕರು ಕೇಳಿದಾಗ ಕೂಲಿ ಕೊಟ್ಟಿದ್ದಕ್ಕೆ ಪುರಾವೆ ತೋರಿಸಬೇಕು. ಕಾನೂನು ಹೊಲದ ಬದುಕನ್ನ ಅರ್ಥ ಮಾಡ್ಕೊಂಡಿದೆ ಅನ್ನಿಸುತ್ತೆ. ಕೇಳೋಕೆ ನಿರೀಕ್ಷಕರು ಬರಬೇಕು, ಅಷ್ಟೇ.

ಇನ್ನೆರಡು ವಿಷಯ ನಿಮಗೆ ನೇರವಾಗಿ ಬೇಕಾಗಬಹುದು. ಕಡಿಮೆ ಕೂಲಿ ಕೊಟ್ಟರು ಅಂತ ಕ್ಲೇಮ್ ಹಾಕೋಕೆ ಈಗ ಮೂರು ವರ್ಷದವರೆಗೆ ಸಮಯ ಇದೆ. ಮತ್ತೆ, ದುಡ್ಡು ಕೊಟ್ಟಿದ್ದೀನಿ ಅಂತ ಸಾಬೀತು ಮಾಡಬೇಕಾದ್ದು ಮಾಲೀಕರು. ಹಾಗಾಗಿ ನೀವೋ, ಊರಲ್ಲಿರೋ ನಿಮ್ಮಮ್ಮನೋ ಕೂಲಿಗೆ ಹೋಗ್ತಿದ್ರೆ ದಿನಾಂಕ, ಗಂಟೆ, ಎಷ್ಟು ಟನ್, ಎಷ್ಟು ದುಡ್ಡು ಅಂತ ಫೋನಲ್ಲಿ ಬರೆದಿಡಿ, ಇಲ್ಲಾಂದ್ರೆ ವಾಯ್ಸ್ ನೋಟ್ ಮಾಡಿಡಿ. ಹಾಜರಿ ಪುಸ್ತಕ ಇಲ್ಲದ ಕಡೆ ಅದೇ ನಿಮ್ಮ ಹಾಜರಿ ಪುಸ್ತಕ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ದೂರು ಕೊಡೋದಾದ್ರೆ ಒಬ್ಬರೇ ಕೊಡಬೇಡಿ, ಎಂಟು ಜನ ಇದ್ರೆ ಎಂಟೂ ಜನ ಕೊಡಿ. ಆಗ "ಕೊಟ್ಟೋನು ಯಾವನು" ಅನ್ನೋ ಪ್ರಶ್ನೆಗೆ ಅರ್ಥವೇ ಇರಲ್ಲ.

ಮುಂದಿನ ಸಲ ಚುನಾವಣೆಗೆ ಓಟು ಕೇಳೋಕೆ ಬಂದವರು ಕೂಲಿ ಎಷ್ಟು ಹೆಚ್ಚು ಮಾಡ್ತೀವಿ ಅಂತ ಹೇಳ್ತಾರೆ. ಅದನ್ನ ಕೇಳಿಸ್ಕೊಳ್ಳಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಸರಿ ಸಾರ್, ನಮ್ಮ ತಾಲ್ಲೂಕಲ್ಲಿ ಅದನ್ನ ನೋಡೋಕೆ ಎಷ್ಟು ಜನ ಇದ್ದಾರೆ? ಅವರಿಗೆ ಜೀಪ್ ಇದೆಯಾ?"

ಇವತ್ತಿಗೆ ಇಷ್ಟೇ. ನಿಮ್ಮೂರಿನ ಹೊಲಕ್ಕೋ ತೋಟಕ್ಕೋ ಕಾರ್ಮಿಕ ನಿರೀಕ್ಷಕರು ಬಂದಿದ್ದನ್ನ ನೀವು ನೋಡಿದ್ರೆ ನಮಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ.